ರೇಖಾಭ್ಯಾಸ

ಓದುಬರಹ ಬಲ್ಲ, ಸಂಗೀತ ಸಾಹಿತ್ಯಗಳಲ್ಲಿ ಅಷ್ಟಿಷ್ಟು ಅಭಿರುಚಿಯುಳ್ಳ, ನಾಲ್ಕು ಜನರ ನಡುವೆ ನಿಂತು ನಿಸ್ಸಂಕೋಚವಾಗಿ ಮಾತನಾಡಬಲ್ಲ ಗೃಹಸ್ಥರೊಬ್ಬರ ಕೈಗೆ ಪೆನ್ಸಿಲನ್ನು ಕೊಟ್ಟು, ಎದುರಿಗಿರುವ ಹೂಜಿಯನ್ನು ಬರೆದು ತೋರಿಸಿರೆಂದು ಕೇಳಿದರೆ, ಅವರ ಬಾಯಿಂದ ಬರುವ ಮೊದಲ ಮಾತು ‘ನನಗೆ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲು ಬಾರದು’ ಎಂಬುದೇ ಆಗಿರುತ್ತದೆ. ಚಿತ್ರ ಬರೆಯುವ ಶಕ್ತಿ ಹುಟ್ಟಿನೊಡನೆ ಬರುವ ವರವೆಂದೂ, ಆ ವರವನ್ನು ಪಡೆಯದವರು ಅದರ ಗೊಡವೆಗೆ ಹೋಗದಿರುವುದೇ ವಿವೇಕವೆಂದೂ ನಮ್ಮಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಪ್ರತಿಭೆಯೆಂಬುದು ಇಲ್ಲವೆಂದು ನಾನು ಹೇಳಲಾರೆ. ಮಹಾಚಿತ್ರಕಾರರಾಗಲು ಅದು ಬೇಕೇ ಬೇಕು. ಆದರೆ ಕಣ್ಣೆದುರಿನ ವಸ್ತುವೊಂದನ್ನು, ನೋಡಿದವರು ಗುರುತಿಸುವಂತೆ, ಅದರ ಅಳತೆಯೂ ನಿಲುವೂ ಕೆಡದಂತೆ ಕಾಗದಕ್ಕೆ ಇಳಿಸುವ ಮಟ್ಟಿನ ಸಾಮರ್ಥ್ಯ ವರವಲ್ಲ, ವಿದ್ಯೆ. ಕಾಗುಣಿತವನ್ನು ಕಲಿಯಬಲ್ಲವರೆಲ್ಲರೂ ಅದನ್ನು ಕಲಿಯಬಲ್ಲರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊರತೆಯಿರುವುದು ಕೈಯಲ್ಲಲ್ಲ. ಬೆಳಗಿನ ಜಾವ ಸಾರಿಸಿದ ಅಂಗಳದಲ್ಲಿ ಬಗ್ಗಿ ನಿಂತು, ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ರಂಗೋಲಿಯ ಪುಡಿಯನ್ನು ಸಮನಾಗಿ ಜಾರಿಸುತ್ತ, ಇಟ್ಟ ಚುಕ್ಕಿಗಳನ್ನು ಬಳಸಿಕೊಂಡು ಎಳೆಯನ್ನು ಎಲ್ಲಿಯೂ ಕಡಿಯಗೊಡದೆ ಕೊಂಡೊಯ್ದು ಹೊರಟಲ್ಲಿಗೇ ತಂದು ಕೂಡಿಸುವ ಹೆಣ್ಣುಮಕ್ಕಳು ನಮ್ಮ ನಾಡಿನ ಬೀದಿಬೀದಿಯಲ್ಲಿಯೂ ಇದ್ದಾರೆ. ಆ ಕೈಗಳಲ್ಲಿ ರೇಖಾಶುದ್ಧಿಯಿದೆ, ಪ್ರಮಾಣಜ್ಞಾನವಿದೆ, ತಪ್ಪಿದರೆ ತಿದ್ದಲಾಗದ ಮಾಧ್ಯಮದಲ್ಲಿ ತಪ್ಪದೆ ನಡೆಯುವ ಧೈರ್ಯವಿದೆ. ಅಂಥವರೂ ಕಾಗದದ ಮುಂದೆ ಕುಳಿತಾಗ ‘ನಮಗೆ ಬಾರದು’ ಎನ್ನುತ್ತಾರೆಂದ ಮೇಲೆ, ಅಡ್ಡಿಯ ಕಾರಣವನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ಅದನ್ನು ಮಕ್ಕಳ ಚಿತ್ರಗಳಲ್ಲಿ ಹುಡುಕಬಹುದು. ಬಳಪ ಕೈಗೆ ಸಿಕ್ಕರೆ ಸಾಕು, ಮಗುವು ನೆಲ ಗೋಡೆಗಳನ್ನು ಬಿಡದೆ ಬರೆಯುತ್ತದೆ: ಒಂದು ದುಂಡು, ಅದರ ಬುಡದಿಂದ ನೇರವಾಗಿ ಇಳಿಯುವ ಎರಡು ಕಾಲುಗಳು, ಅದು ಅಪ್ಪ. ಇನ್ನೂ ದೊಡ್ಡದಾದ ಮೇಲೆ ಎರಡು ಗುಡ್ಡ, ಗುಡ್ಡಗಳ ನಡುವೆ ಕಿರಣ ಚಾಚಿದ ಸೂರ್ಯ, ತ್ರಿಕೋನದ ಮಾಡಿನ ಮನೆ, ಪಕ್ಕದಲ್ಲೊಂದು ತೆಂಗಿನ ಮರ. ಇವು ನೋಡಿ ಬರೆದ ಚಿತ್ರಗಳಲ್ಲ. ತಿಳಿದುದನ್ನು ಸೂಚಿಸುವ ಸಂಕೇತಗಳು, ಒಂದು ಬಗೆಯ ಲಿಪಿ. ಬಯಲುಸೀಮೆಯ ಮಗುವೂ ಕರಾವಳಿಯ ಮಗುವೂ ಅದೇ ಗುಡ್ಡವನ್ನೇ ಬರೆಯುವುದು ಆ ಕಾರಣದಿಂದಲೇ. ಸುಮಾರು ಒಂಬತ್ತು ಹತ್ತರ ವಯಸ್ಸಿಗೆ ಮಗುವಿನ ಮನಸ್ಸು ಸಾದೃಶ್ಯವನ್ನು ಬಯಸತೊಡಗುತ್ತದೆ; ತಾನು ಬರೆದ ಹಸು ಹಸುವಿನಂತಿಲ್ಲವೆಂಬ ಅರಿವು ಅದನ್ನು ಬಾಧಿಸುತ್ತದೆ. ಸಂಕೇತದಿಂದ ನೋಟಕ್ಕೆ ದಾಟುವ ಹಾದಿಯನ್ನು ಆಗ ಯಾರಾದರೂ ತೋರಿಸಿದರೆ ಆ ಮಗು ಮುಂದುವರಿಯುತ್ತದೆ. ತೋರಿಸದಿದ್ದರೆ ಬಳಪವನ್ನು ಕೆಳಗಿಡುತ್ತದೆ. ಶಾಲೆಯ ವೇಳಾಪಟ್ಟಿಯಲ್ಲಿ ಡ್ರಾಯಿಂಗ್ ಮೇಷ್ಟರ ಅವಧಿಯನ್ನೇ ಮೊದಲು ಮೊಟಕುಗೊಳಿಸುವ ನಮ್ಮ ವ್ಯವಸ್ಥೆಯಲ್ಲಿ ಬಹುಮಂದಿಗೆ ಆ ಹಾದಿ ಕಾಣದೆಯೇ ಹೋಗುತ್ತದೆ. ನಲವತ್ತರ ಗೃಹಸ್ಥರು ಇಂದು ಬರೆಯುವ ಚಿತ್ರ ಹತ್ತರ ಬಾಲಕನ ಚಿತ್ರದಂತಿರುವುದು ಅವರ ಶಕ್ತಿಯ ಮಿತಿಯಿಂದಲ್ಲ. ಪಾಠ ನಿಂತುಹೋದ ಜಾಗ ಅದು.

ಹಿತ್ತಾಳೆಯ ತಂಬಿಗೆಯೊಂದನ್ನು ಮೇಜಿನ ಮೇಲಿರಿಸಿ, ಎರಡು ಮೂರು ಅಡಿ ದೂರದಲ್ಲಿ ಕುಳಿತು ಬರೆಯತೊಡಗಿದ ಹೊಸಬರನ್ನು ಗಮನಿಸಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ. ಅವರು ಮೊದಲು ಬರೆಯುವುದು ಬಾಯನ್ನು. ತಂಬಿಗೆಯ ಬಾಯಿ ದುಂಡಗಿರುತ್ತದೆಂಬುದು ಚಿಕ್ಕಂದಿನಿಂದ ತಿಳಿದ ವಿಷಯವಾದುದರಿಂದ, ಕೈ ತಾನಾಗಿಯೇ ಹೆಚ್ಚುಕಡಿಮೆ ದುಂಡಗಿನ ಆಕಾರವನ್ನೇ ಬರೆದುಬಿಡುತ್ತದೆ. ಅನಂತರ ಕಂಠವನ್ನೂ ಹೊಟ್ಟೆಯನ್ನೂ ಎರಡು ಬದಿಗಳಲ್ಲಿ ಇಳಿಸಿ ತಳಕ್ಕೆ ಬಂದಾಗ, ಮೇಜು ಸಮತಟ್ಟಾಗಿದೆ, ತಂಬಿಗೆ ಅದರ ಮೇಲೆ ಅಲುಗದೆ ನಿಂತಿದೆ ಎಂಬ ತಿಳಿವಳಿಕೆಯ ಬಲದಿಂದ ನೇರವಾದ ಒಂದು ಅಡ್ಡಗೆರೆಯನ್ನೆಳೆದು ಮುಗಿಸುತ್ತಾರೆ. ಏನೋ ತಪ್ಪಿದೆಯೆಂದು ಅವರಿಗೇ ತೋರುತ್ತದೆ. ಎಲ್ಲಿ ತಪ್ಪಿತೆಂದು ಮಾತ್ರ ತಿಳಿಯುವುದಿಲ್ಲ. ಬಾಯನ್ನು ಮೇಲಿನಿಂದ ಬಗ್ಗಿ ನೋಡಿದವರಂತೆಯೂ, ತಳವನ್ನು ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದವರಂತೆಯೂ ಬರೆದು, ಎರಡು ಬೇರೆ ಬೇರೆ ಎಡೆಗಳಲ್ಲಿ ನಿಂತ ಇಬ್ಬರ ನೋಟಗಳನ್ನು ಒಂದೇ ಚಿತ್ರದಲ್ಲಿ ಕೂಡಿಸಿರುವುದೇ ಆ ತಪ್ಪು.

ಕುಳಿತವರ ಕಣ್ಣಿಗೆ ನಿಜವಾಗಿ ಕಾಣುವುದು ಬೇರೆ. ಬಾಯಿ ಕಾಣುವುದು ಕಿರಿದಾದ ದೀರ್ಘವೃತ್ತವಾಗಿ. ಅದರ ಎರಡು ತುದಿಗಳು ಚೂಪಾಗಿರದೆ, ಸಣ್ಣದಾಗಿಯಾದರೂ ಬಳುಕಿ ತಿರುಗುತ್ತವೆ. ತಳದ ಗೆರೆ ನೇರವಲ್ಲ, ಕೆಳಗೆ ಉಬ್ಬಿದ ಕಮಾನು. ಅಷ್ಟೇ ಅಲ್ಲ, ಕಣ್ಣಿನ ಮಟ್ಟದಿಂದ ಬಾಯಿಗಿಂತ ತಳವು ಇನ್ನೂ ಕೆಳಗಿರುವುದರಿಂದ, ಆ ಕಮಾನು ಬಾಯಿಯ ಬಳುಕಿಗಿಂತ ಹೆಚ್ಚು ತುಂಬಿಕೊಂಡಿರುತ್ತದೆ. ಇದನ್ನು ನಂಬಲಾರದವರು ತಂಬಿಗೆಯನ್ನು ಒಮ್ಮೆ ನೆಲದ ಮೇಲಿಟ್ಟು, ಒಮ್ಮೆ ಮೇಜಿನ ಮೇಲಿಟ್ಟು, ಮತ್ತೊಮ್ಮೆ ಬಾಯಿಯ ಅಂಚು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುವಂತೆ ಗೂಡಿನಲ್ಲಿಟ್ಟು ನೋಡಲಿ. ನೆಲದ ಮೇಲಿರುವಾಗ ಅಗಲವಾಗಿ ತೆರೆದುಕೊಂಡಿದ್ದ ಬಾಯಿ ಮೇಜಿನ ಮೇಲೆ ಕಿರಿದಾಗಿ, ಗೂಡಿನಲ್ಲಿ ಬರಿಯ ಒಂದು ಗೆರೆಯಾಗಿಬಿಡುತ್ತದೆ. ತಂಬಿಗೆ ಬದಲಾಗಿಲ್ಲ; ನಮಗೂ ಅದಕ್ಕೂ ಇರುವ ಸಂಬಂಧ ಬದಲಾಗಿದೆ. ಚಿತ್ರದಲ್ಲಿ ನಾವು ಬರೆಯುವುದು ಆ ಸಂಬಂಧವನ್ನು. ಈ ಒಂದು ಅರಿವು ಕೈಗೂಡಿದ ದಿನ ಆರಂಭದ ಅರ್ಧ ಕಷ್ಟ ಕಳೆಯಿತೆಂದೇ ಹೇಳಬಹುದು.

ಇದು ಪಾಶ್ಚಾತ್ಯರಿಂದ ನಾವು ಎರವಲಾಗಿ ತಂದ ತಿಳಿವಳಿಕೆಯಲ್ಲ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಮಾರ್ಕಂಡೇಯ ಮುನಿಯು ವಜ್ರನೆಂಬ ಅರಸನಿಗೆ ಉಪದೇಶಿಸಿದಂತೆ ನಿರೂಪಿತವಾಗಿರುವ ಚಿತ್ರಸೂತ್ರವು, ದೇಹವು ನೋಡುವವನ ಎದುರಿನಿಂದ ಓರೆಯಾಗಿ ತಿರುಗಿದಂತೆಲ್ಲ ಅದರ ಅಂಗಗಳಲ್ಲಿ ಕೆಲವು ಕುಗ್ಗಿ ಕೆಲವು ಹಿಗ್ಗಿ ಕಾಣುವ ಕ್ರಮವನ್ನು ಕ್ಷಯವೃದ್ಧಿಯೆಂಬ ಹೆಸರಿನಿಂದ ವಿಚಾರಮಾಡಿ, ಒಂಬತ್ತು ಬಗೆಯ ಸ್ಥಾನಗಳನ್ನು ವಿವರಿಸುತ್ತದೆ. ತಂಬಿಗೆಯ ಬಾಯಿ ಕಿರಿದಾದುದು ಕ್ಷಯ. ಅದರ ಹೊಟ್ಟೆ ನಮ್ಮ ಕಡೆಗೆ ಉಬ್ಬಿ ಬಂದಂತೆ ತೋರುವುದು ವೃದ್ಧಿ. ಯುರೋಪಿನಲ್ಲಿ ಇದೇ ಪ್ರಶ್ನೆಯನ್ನು ಗಣಿತದ ಮಾರ್ಗದಿಂದ ಬಿಡಿಸಿದರು. 15ನೆಯ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಪರ್ಸ್‌ಪೆಕ್ಟಿವ್ ಎಂಬ ದೂರಸಾಮೀಪ್ಯದ ನಿಯಮವನ್ನು ಪ್ರಯೋಗದಿಂದ ತೋರಿಸಿದನು. 1435ರಲ್ಲಿ ಆಲ್ಬರ್ಟಿಯು ಅದನ್ನು ಗ್ರಂಥರೂಪಕ್ಕೆ ತಂದು, ಚಿತ್ರವನ್ನು ಒಂದು ತೆರೆದ ಕಿಟಕಿಯೆಂದು ಭಾವಿಸಬೇಕೆಂದು ಹೇಳಿದನು. ಜರ್ಮನಿಯ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಪುಸ್ತಕದ ಒಂದು ಮರದಚ್ಚಿನ ಚಿತ್ರದಲ್ಲಿ, ಚಿತ್ರಕಾರನು ಒಂದೇ ಕಣ್ಣನ್ನು ನೆಲೆಗೊಳಿಸಿ ಗಾಜಿನ ಫಲಕದ ಮೂಲಕ ಎದುರು ಕುಳಿತವನನ್ನು ನೋಡುತ್ತ, ಅವನ ರೂಪವನ್ನು ಆ ಗಾಜಿನ ಮೇಲೆಯೇ ಗುರುತಿಸಿಕೊಳ್ಳುತ್ತಿದ್ದಾನೆ.

ಮನೆಯ ಕಿಟಕಿಯೇ ಇದಕ್ಕೆ ಸಾಕು. ಗಾಜಿನೆದುರು ತಲೆಯನ್ನು ಅಲುಗಿಸದೆ ನಿಂತು, ಒಂದು ಕಣ್ಣನ್ನು ಮುಚ್ಚಿ, ಹೊರಗಿನ ಬೀದಿಯನ್ನೋ ಎದುರುಮನೆಯ ಜಗಲಿಯನ್ನೋ ತೋಯಿಸಿದ ಸೋಪಿನ ಚೂರಿನಿಂದ ಗಾಜಿನ ಮೇಲೆ ತಿದ್ದಿ ನೋಡಿದರೆ, ದೂರಕ್ಕೆ ಹೋಗುವ ರಸ್ತೆಯ ಎರಡಂಚುಗಳು ಎಷ್ಟು ಬೇಗ ಕೂಡಿಕೊಳ್ಳುತ್ತವೆಂಬುದೂ, ನಾವು ದೊಡ್ಡದೆಂದು ಎಣಿಸಿದ್ದ ದೂರದ ಮನೆ ನಮ್ಮ ಹೆಬ್ಬೆರಳಿನ ಉಗುರಿಗಿಂತ ಸಣ್ಣದಾಗಿರುವುದೂ ಕಂಡು ಆಶ್ಚರ್ಯವಾಗುತ್ತದೆ. ವಾನ್ ಗೋ ಕೂಡ ಇಂಥ ಆಧಾರವನ್ನು ತಿರಸ್ಕರಿಸಲಿಲ್ಲ. ಚಿತ್ರಕಾರನಾಗಬೇಕೆಂದು 1880ರಲ್ಲಿ ಆತನು ನಿಶ್ಚಯಿಸಿದಾಗ ವಯಸ್ಸು 27. ಬಾರ್ಗ್ ಎಂಬವನ ರೇಖಾಪಾಠಗಳ ಹಾಳೆಗಳನ್ನು ಮುಂದಿಟ್ಟುಕೊಂಡು ಅವನ್ನು ವಿದ್ಯಾರ್ಥಿಯ ಶ್ರದ್ಧೆಯಿಂದ ಮತ್ತೆ ಮತ್ತೆ ನಕಲುಮಾಡಿದನು. 1882ರಲ್ಲಿ ಹೇಗ್ ನಗರದಲ್ಲಿರುವಾಗ ದಾರಗಳನ್ನು ಅಡ್ಡಡ್ಡವಾಗಿ ಬಿಗಿದ ಒಂದು ಚೌಕಟ್ಟನ್ನು ಮಾಡಿಸಿಕೊಂಡು, ಅದರ ಮೂಲಕ ಬಯಲನ್ನೂ ಕಡಲತೀರವನ್ನೂ ನೋಡಿ ಬರೆದನು. ಮೊದಲ ವರ್ಷಗಳ ಅವನ ಚಿತ್ರಗಳಲ್ಲಿ ಮೈಕಟ್ಟು ಬಿರುಸಾಗಿದೆ, ಕೈಕಾಲುಗಳ ಅಳತೆ ಅಲ್ಲಲ್ಲಿ ತಪ್ಪಿದೆ. ಮೂವತ್ತರ ಸಮೀಪದಲ್ಲಿರುವವರು ತಮಗೆ ಕಾಲ ಮೀರಿತೆಂದು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಆ ಚಿತ್ರಗಳ ನೆನಪಾಗುತ್ತದೆ.

ತಿಳಿದುದನ್ನು ಬದಿಗಿಟ್ಟು ಕಂಡುದನ್ನು ಬರೆಯಿರೆಂದು ಬಾಯಲ್ಲಿ ಹೇಳುವುದು ಸುಲಭ. ಮನಸ್ಸು ತನ್ನ ಸಂಕೇತಗಳನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದುದರಿಂದಲೇ ಶಿಕ್ಷಕರು ಅದನ್ನು ಬೇರೆ ಬೇರೆ ಉಪಾಯಗಳಿಂದ ಮಣಿಸಲು ಯತ್ನಿಸಿದ್ದಾರೆ. ಅಮೆರಿಕದ ಕಲಾಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಪಿಕಾಸೋ ಬರೆದ ಸಂಗೀತಕಾರ ಸ್ಟ್ರಾವಿನ್ಸ್ಕಿಯ ರೇಖಾಚಿತ್ರವನ್ನು ತಲೆಕೆಳಗಾಗಿ ಇಟ್ಟು ನಕಲುಮಾಡಲು ಹೇಳುತ್ತಾರೆ. ತಲೆಕೆಳಗಾದ ಚಿತ್ರದಲ್ಲಿ ಇದು ಮೂಗು, ಇದು ಬೆರಳು ಎಂದು ಮನಸ್ಸಿಗೆ ಥಟ್ಟನೆ ಹೊಳೆಯುವುದಿಲ್ಲವಾದುದರಿಂದ, ಕಣ್ಣು ವಿಧಿಯಿಲ್ಲದೆ ಗೆರೆಯ ಬಾಗನ್ನೇ, ಗೆರೆಗೂ ಗೆರೆಗೂ ನಡುವಿನ ದೂರವನ್ನೇ ಹಿಂಬಾಲಿಸುತ್ತದೆ. ಮಿದುಳಿನ ಬಲಭಾಗವೊಂದೇ ಚಿತ್ರಕ್ಕೆ ಕಾರಣವೆಂಬರ್ಥದ ಅವರ ಸಿದ್ಧಾಂತವನ್ನು ವಿಜ್ಞಾನಿಗಳು ಹಾಗೆಯೇ ಒಪ್ಪುವುದಿಲ್ಲ. ಅಭ್ಯಾಸದ ಫಲವನ್ನಾದರೋ ಯಾರು ಬೇಕಾದರೂ ಒಂದು ಸಂಜೆಯಲ್ಲಿ ಪರೀಕ್ಷಿಸಿ ನೋಡಬಹುದು. ಅವರಿಗಿಂತ ಹಿಂದೆ, ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಕಿಮಾನ್ ನಿಕೊಲೈಡಿಸ್, ಆತನ ಮರಣಾನಂತರ 1941ರಲ್ಲಿ ಹೊರಬಂದ ಪುಸ್ತಕದಲ್ಲಿ, ಕಾಗದದ ಕಡೆಗೆ ನೋಡದೆ ವಸ್ತುವಿನ ಅಂಚಿನ ಮೇಲೆಯೇ ಕಣ್ಣನ್ನು ನೆಟ್ಟು, ಪೆನ್ಸಿಲಿನ ಮೊನೆ ಆ ಅಂಚನ್ನೇ ಮುಟ್ಟುತ್ತಿದೆಯೆಂದು ನಂಬಿ ನಿಧಾನವಾಗಿ ಬರೆಯುವ ಸಾಧನೆಯನ್ನು ವಿಧಿಸಿದ್ದನು. ಹೀಗೆ ಬರೆದ ಚಿತ್ರ ಅಂದವಾಗಿ ಬರುವುದಿಲ್ಲ, ಬರಬೇಕಾದುದೂ ಇಲ್ಲ. ಕಣ್ಣೂ ಕೈಯೂ ಒಂದೇ ವೇಗದಲ್ಲಿ ನಡೆಯಲು ಕಲಿಯುವುದೇ ಅಲ್ಲಿಯ ಲಾಭ.

ನನ್ನ ಒಲವು ಇವೆರಡಕ್ಕಿಂತ ಸರಳವಾದ ಇನ್ನೊಂದು ಅಭ್ಯಾಸದ ಕಡೆಗಿದೆ. ಕುರ್ಚಿಯನ್ನು ಬರೆಯಹೊರಟವರು ಕುರ್ಚಿಯನ್ನು ಮರೆತು, ಅದರ ಕಾಲುಗಳ ನಡುವೆ, ಬೆನ್ನಿನ ಪಟ್ಟಿಗಳ ನಡುವೆ ಹಿಂದಿನ ಗೋಡೆ ಕಾಣುವ ಖಾಲಿ ಜಾಗಗಳನ್ನು ಮಾತ್ರ ಬರೆಯಲಿ. ಆ ಖಾಲಿ ಜಾಗಗಳಿಗೆ ಹೆಸರಿಲ್ಲ. ಹೆಸರಿಲ್ಲದುದಕ್ಕೆ ಮನಸ್ಸಿನಲ್ಲಿ ಸಂಕೇತವಿಲ್ಲ. ಸಂಕೇತವಿಲ್ಲದುದನ್ನು ನೋಡಿಯೇ ಬರೆಯಬೇಕು. ಅವುಗಳೆಲ್ಲ ಸರಿಯಾಗಿ ಬಂದಾಗ ನಡುವೆ ಉಳಿದದ್ದು ಕುರ್ಚಿಯಾಗಿರುತ್ತದೆ, ಅದರ ಕಾಲುಗಳು ಯಾವ ಓರೆಯಲ್ಲಿ ನಿಲ್ಲಬೇಕೋ ಆ ಓರೆಯಲ್ಲಿಯೇ ನಿಂತಿರುತ್ತವೆ. ಇದರೊಡನೆ ಅಳೆಯುವ ರೂಢಿಯೂ ಬೇಕು. ತೋಳನ್ನು ಪೂರ್ತಿ ನೀಡಿ, ಮೊಣಕೈ ಮಡಿಸದೆ, ಒಂದು ಕಣ್ಣನ್ನು ಮುಚ್ಚಿ, ಪೆನ್ಸಿಲನ್ನು ವಸ್ತುವಿಗೆ ಅಡ್ಡ ಹಿಡಿದು ಅದರ ಅಗಲವನ್ನು ಹೆಬ್ಬೆರಳಿನಿಂದ ಗುರುತಿಸಿಕೊಂಡು, ಆ ಅಗಲ ಎತ್ತರದಲ್ಲಿ ಎಷ್ಟು ಸಲ ಅಡಗುತ್ತದೆಂದು ನೋಡಬೇಕು. ಮೊಣಕೈ ಕೊಂಚ ಮಡಿಸಿದರೂ ಅಳತೆ ಕೆಡುವುದು. ತಂಬಿಗೆಯ ಎರಡು ಬದಿಗಳು ಸಮನಾಗಿ ಬಂದಿವೆಯೋ ಇಲ್ಲವೋ ಎಂಬ ಸಂದೇಹವಾದರೆ ಚಿತ್ರವನ್ನು ಕನ್ನಡಿಯಲ್ಲಿ ನೋಡುವುದು ಲಿಯೊನಾರ್ಡೊ ಡ ವಿಂಚಿಯು ಕೊಟ್ಟ ಸಲಹೆ. ಕನ್ನಡಿಯಲ್ಲಿ ಚಿತ್ರವು ಬೇರೊಬ್ಬರು ಬರೆದಂತೆ ಕಾಣುವುದರಿಂದ ಅದರ ಡೊಂಕು ಕೂಡಲೇ ಕಣ್ಣಿಗೆ ಬೀಳುತ್ತದೆ.

ಸಾಮಗ್ರಿಯ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ಗ್ರಾಫೈಟಿನ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ ಸುಟ್ಟು ಪೆನ್ಸಿಲು ಮಾಡುವ ವಿಧಾನವನ್ನು ಫ್ರಾನ್ಸಿನ ಕೋಂಟೆ 1795ರಲ್ಲಿ ಕಂಡುಹಿಡಿದನು. ಯುದ್ಧದ ದೆಸೆಯಿಂದ ಇಂಗ್ಲೆಂಡಿನ ಗ್ರಾಫೈಟು ಅವನ ದೇಶಕ್ಕೆ ಬರದಿದ್ದುದು ಅದಕ್ಕೆ ಪ್ರೇರಣೆ. ಜೇಡಿಯ ಪಾಲು ಹೆಚ್ಚಿದಷ್ಟೂ ಪೆನ್ಸಿಲು ಗಡುಸಾಗಿ ಗೆರೆ ತಿಳಿಯಾಗುವುದು, ಅದು ಎಚ್. ಗ್ರಾಫೈಟಿನ ಪಾಲು ಹೆಚ್ಚಿದಷ್ಟೂ ಮೆತ್ತಗಾಗಿ ಕಪ್ಪಾಗುವುದು, ಅದು ಬಿ. ಹೊಸಬರಿಗೆ ಒಂದು ಎಚ್‌ಬಿ, ಒಂದು 2ಬಿ, ಒಂದು 6ಬಿ ಧಾರಾಳವಾಗಿ ಸಾಕು. ಕಾಗದ ಅಗ್ಗದ್ದಾಗಿರುವುದೇ ಲೇಸು, ಏಕೆಂದರೆ ಬೆಲೆಬಾಳುವ ಹಾಳೆಯ ಮೇಲೆ ಕೈ ಅಂಜುತ್ತದೆ. ನಮ್ಮ ಹಿಂದಿನವರಾದರೋ ಇದನ್ನೆಲ್ಲ ಕೈಯಾರೆ ಮಾಡಿಕೊಳ್ಳುತ್ತಿದ್ದರು. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣದಲ್ಲಿ, ಕಾಡಿಗೆಯನ್ನು ಅನ್ನದ ಅಂಟಿನೊಡನೆ ಮರ್ದಿಸಿ ಬತ್ತಿಯಂತೆ ಹೊಸೆದು ರೇಖಾಸಾಧನವನ್ನು ಸಿದ್ಧಪಡಿಸುವ ಕ್ರಮವಿದೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರು ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಲಿನ ಕಡ್ಡಿಗಳನ್ನು ಪಡೆಯುತ್ತಿದ್ದರು. ರಬ್ಬರನ್ನು ಮೊದಲ ಕೆಲವು ತಿಂಗಳು ಪೆಟ್ಟಿಗೆಯಲ್ಲಿಯೇ ಇಟ್ಟಿರಬೇಕೆಂಬುದು ನನ್ನ ಮತ. ತಪ್ಪಿದ ಗೆರೆಯನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಸರಿಯಾದುದನ್ನು ಎಳೆದರೆ, ತಪ್ಪು ಎಷ್ಟರಮಟ್ಟಿನದೆಂಬುದು ಕಣ್ಣೆದುರಿಗಿರುತ್ತದೆ. ಅಳಿಸಿದವರು ಬಹುಮಟ್ಟಿಗೆ ಅದೇ ಜಾಗದಲ್ಲಿ ಅದೇ ಗೆರೆಯನ್ನು ಪುನಃ ಎಳೆಯುತ್ತಾರೆ.

ಬಾಹ್ಯರೇಖೆ ಸ್ವಾಧೀನಕ್ಕೆ ಬಂದ ಮೇಲೆ ನೆರಳುಬೆಳಕಿನ ಸರದಿ. ಇದಕ್ಕೆ ತಂಬಿಗೆ ತಕ್ಕ ವಸ್ತುವಲ್ಲ, ಏಕೆಂದರೆ ಬೆಳಗಿದ ಹಿತ್ತಾಳೆಯು ಕೋಣೆಯೆಲ್ಲವನ್ನೂ ತನ್ನ ಮೈಮೇಲೆ ಪ್ರತಿಫಲಿಸಿ ಹೊಸಬರನ್ನು ಕಂಗೆಡಿಸುತ್ತದೆ. ಮಣ್ಣಿನ ಕುಡಿಕೆಯನ್ನೋ ಕೋಳಿಮೊಟ್ಟೆಯನ್ನೋ ಒಂದೇ ಕಿಟಕಿಯ ಬೆಳಕಿನಲ್ಲಿಟ್ಟು, ಕಣ್ಣುಗಳನ್ನು ಅರೆಮುಚ್ಚಿ ನೋಡಬೇಕು. ಆಗ ಸಣ್ಣಪುಟ್ಟ ವಿವರಗಳೆಲ್ಲ ಕರಗಿ ಬೆಳಕಿನ ಭಾಗ, ನೆರಳಿನ ಭಾಗ ಎಂಬ ಎರಡೇ ರಾಶಿಗಳು ನಿಲ್ಲುತ್ತವೆ. ಗಾಢವಾದ ಕಪ್ಪು ವಸ್ತುವಿನ ಕಟ್ಟಕಡೆಯ ಅಂಚಿನಲ್ಲಿರದೆ ಕೊಂಚ ಒಳಕ್ಕೆ ಸರಿದಿರುವುದನ್ನೂ, ಅಂಚಿನಲ್ಲಿ ಮೇಜಿನಿಂದ ಮರಳಿ ಚಿಮ್ಮಿದ ಮಬ್ಬು ಬೆಳಕು ಇರುವುದನ್ನೂ ಕಂಡುಕೊಂಡವರ ಕುಡಿಕೆ ಮೊದಲ ಬಾರಿಗೆ ದುಂಡಗಾಗುತ್ತದೆ. ಚಿತ್ರಸೂತ್ರವು ಛಾಯೆ ತುಂಬುವ ಕೆಲಸವನ್ನು ವರ್ತನವೆಂದು ಕರೆದು, ಎಲೆಯ ನರಗಳಂತೆ ಹಾಯುವ ಗೆರೆಗಳಿಂದ, ಅತಿಸೂಕ್ಷ್ಮವಾದ ಎಳೆಗಳಿಂದ, ಬಿಂದುಗಳಿಂದ ಎಂದು ಅದರಲ್ಲಿ ಮೂರು ಬಗೆಯನ್ನು ಹೇಳಿದೆ. ಇಂದಿಗೂ ಪೆನ್ಸಿಲು ಹಿಡಿದವರಿಗೆ ಇವೇ ಮುಖ್ಯ ಮಾರ್ಗಗಳು. ಬೆರಳಿನಿಂದ ಉಜ್ಜಿ ಹೊಗೆಯಂತೆ ಹರಡುವ ನಾಲ್ಕನೆಯ ಮಾರ್ಗವೊಂದುಂಟು. ಆರಂಭದಲ್ಲಿ ಅದು ಕೆಡುಕನ್ನೇ ಮಾಡುತ್ತದೆ, ಅದನ್ನು ಮುಟ್ಟದಿರುವುದು ಒಳ್ಳೆಯದು.

ಇಲ್ಲಿಗೆ ಬಂದವರ ಮನಸ್ಸಿನಲ್ಲಿ ನ್ಯಾಯವಾದ ಒಂದು ಪ್ರಶ್ನೆ ಏಳಬಹುದು: ಕಂಡುದನ್ನೇ ಬರೆಯಬೇಕೆಂದಾದರೆ, ಕಾಣದ ದೇವತೆಗಳನ್ನು ಬರೆದ ನಮ್ಮ ಪರಂಪರೆಯ ಗತಿಯೇನು? ನಮ್ಮ ಚಿತ್ರಗಾರರೂ ಶಿಲ್ಪಿಗಳೂ ಮುಖವೊಂದರ ಉದ್ದವನ್ನು ತಾಲವೆಂದು ಹಿಡಿದು, 12 ಅಂಗುಲಕ್ಕೆ ಒಂದು ತಾಲದಂತೆ ಉತ್ತಮ ಪುರುಷನ ಎತ್ತರವನ್ನು 108 ಅಂಗುಲವೆಂದು ಎಣಿಸಿ, ಆ ಪ್ರಮಾಣವನ್ನು ಬಾಯಿಪಾಠ ಮಾಡಿ ಬರೆದರು. ಎದುರಿಗೆ ಮನುಷ್ಯನನ್ನು ನಿಲ್ಲಿಸಿಕೊಂಡು ಬರೆಯಲಿಲ್ಲ. ಅವರ ತಿಳಿವಳಿಕೆಯು ಆರಂಭಿಗರ ತಿಳಿವಳಿಕೆಯಂತಹದಲ್ಲ ಎಂಬುದೇ ಇದಕ್ಕೆ ಉತ್ತರ. ಹೊಸಬರು ಮುಖವನ್ನು ಬರೆಯುವಾಗ ಕಣ್ಣುಗಳನ್ನು ಹಣೆಯ ಮೇಲಕ್ಕೆ ಏರಿಸಿಬಿಡುವುದು ಬಲು ಸಾಮಾನ್ಯ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣುಗಳಿರುವುದು ಸುಮಾರಾಗಿ ನಟ್ಟನಡುವೆ. ಹೊಸಬರದು ಪರೀಕ್ಷಿಸದ ತಿಳಿವಳಿಕೆ. ತಾಲಮಾನವಾದರೋ ತಲೆಮಾರುಗಳ ನೋಟವು ಸೋಸಿ ಉಳಿಸಿದ ತಿಳಿವಳಿಕೆ. ಚಿತ್ರದ ಷಡಂಗಗಳಲ್ಲಿ ಪ್ರಮಾಣವೂ ಇದೆ, ಸಾದೃಶ್ಯವೂ ಇದೆ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು. ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿ ಪರಂಪರೆಯ ಪಾಠವನ್ನು ಪಡೆದ ಕೆ. ವೆಂಕಟಪ್ಪನವರು, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅನಂತರ ಊಟಿ ಕೊಡೈಕನಾಲ್‌ಗಳ ಬೆಟ್ಟಸಾಲುಗಳನ್ನೂ ಮಂಜನ್ನೂ ಜಲವರ್ಣದಲ್ಲಿ ಬರೆದರು. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಕಲಿಯುತ್ತಿರುವವರು ಅವರ ಚಿತ್ರಗಳೆದುರು ತಮ್ಮ ಪುಸ್ತಕವನ್ನು ತೆರೆದು ಕುಳಿತು, ಮಂಜಿನ ಅಂಚು ಎಲ್ಲಿ ಕರಗುತ್ತದೆ, ಬೆಟ್ಟದ ಅಂಚು ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ಪೆನ್ಸಿಲಿನಿಂದ ಗುರುತಿಸಿಕೊಳ್ಳಬೇಕೆಂದು ನನ್ನ ಆಸೆ.

ನಿಂತ ವಸ್ತುಗಳಿಂದ ಚಲಿಸುವ ಜೀವಗಳಿಗೆ ಬರುವಾಗ ಆರ್. ಕೆ. ಲಕ್ಷ್ಮಣರ ಕಾಗೆಗಳನ್ನು ನೆನೆಯಬೇಕು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಅವರು, ಬಾಲ್ಯದಲ್ಲಿ ಮನೆಯ ಕಿಟಕಿಯಿಂದ ಕಾಣುತ್ತಿದ್ದ ಕಾಗೆಗಳನ್ನು ನಾನಾ ಭಂಗಿಗಳಲ್ಲಿ ಬರೆಯುತ್ತ ಬೆಳೆದವರು. ಮುಂಬಯಿಯ ಜೆ. ಜೆ. ಕಲಾಶಾಲೆಯು ಅವರಿಗೆ ಪ್ರವೇಶವನ್ನು ನಿರಾಕರಿಸಿದ ಕಥೆ ಪ್ರಸಿದ್ಧವಾಗಿದೆ. ಪ್ರಖ್ಯಾತ ವ್ಯಂಗ್ಯಚಿತ್ರಕಾರರಾದ ಮೇಲೂ ಅವರು ಕಾಗೆಯನ್ನು ಬಿಡಲಿಲ್ಲ. ಕಾಂಪೌಂಡಿನ ಗೋಡೆಯ ಮೇಲೆ ಕುಳಿತ ಕಾಗೆ ಚಿತ್ರ ಮುಗಿಯುವವರೆಗೆ ಕಾಯುವುದಿಲ್ಲ. ಆದುದರಿಂದ ಒಂದೇ ಹಾಳೆಯಲ್ಲಿ ನಾಲ್ಕೈದು ಕಾಗೆಗಳನ್ನು ಏಕಕಾಲಕ್ಕೆ ಬರೆಯತೊಡಗಿ, ಅದು ಕತ್ತನ್ನು ತಿರುಗಿಸಿದಾಗ ಎರಡನೆಯದಕ್ಕೂ, ಮೊದಲಿನ ನಿಲುವಿಗೆ ಮರಳಿದಾಗ ಮೊದಲನೆಯದಕ್ಕೂ ಹೋಗುತ್ತಿರಬೇಕು. ಕೊಕ್ಕಿನ ತುದಿಯಿಂದ ಬಾಲದವರೆಗಿನ ಓಟವನ್ನು ಒಂದೇ ಗೆರೆಯಲ್ಲಿ ಹಿಡಿದರೆ ಪುಕ್ಕಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಮನುಷ್ಯರನ್ನು ಬರೆಯಲು ಬಸ್ ನಿಲ್ದಾಣಕ್ಕಿಂತ ಅನುಕೂಲವಾದ ಪಾಠಶಾಲೆ ಇನ್ನೊಂದಿಲ್ಲ. ಬಹಳ ಹೊತ್ತು ಕಾದು ನಿಂತವರು ಎರಡು ಕಾಲುಗಳ ಮೇಲೂ ಸಮನಾಗಿ ಭಾರ ಹಾಕಿ ನಿಲ್ಲುವುದು ಅಪರೂಪ. ಭಾರ ಹೊತ್ತ ಕಾಲಿನ ಕಡೆಯ ಸೊಂಟ ಮೇಲೇರುತ್ತದೆ. ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಇನ್ನೊಂದು ಮಂಡಿ ಸಡಿಲವಾಗಿ ಮುಂದೆ ಬಾಗುತ್ತದೆ. ಮೊದಲು ಭುಜಗಳ ಓರೆಗೊಂದು ಗೆರೆ, ಸೊಂಟದ ಓರೆಗೊಂದು ಗೆರೆ, ಕತ್ತಿನ ಕುಳಿಯಿಂದ ಭಾರ ಹೊತ್ತ ಪಾದಕ್ಕೆ ಇಳಿಯುವ ಒಂದು ಲಂಬ, ಇಷ್ಟನ್ನು ಗುರುತಿಸಿಕೊಂಡರೆ ಮೈಯ ನಿಲುವು ಕಾಗದದ ಮೇಲೆ ನಿಂತಂತೆಯೇ. ಇಂಥ ನಿಲುವುಗಳನ್ನು ಒಂದು ಪುಸ್ತಕದ ತುಂಬ ಬರೆದವರು ಬೇಲೂರಿಗೆ ಹೋಗಿ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ನಿಂತು ತಲೆಯೆತ್ತಿದಾಗ, ಆಭರಣಗಳ ಕುಸುರಿಗೆ ಮರುಳಾಗುವುದಕ್ಕೆ ಮೊದಲೇ, ಯಾವ ಕಾಲು ಭಾರವನ್ನು ಹೊತ್ತಿದೆ, ಯಾವ ಸೊಂಟ ಏರಿದೆ ಎಂಬುದನ್ನು ಅವರ ಕಣ್ಣು ಹುಡುಕತೊಡಗಿರುತ್ತದೆ.